ತಗಡಿನ ಕೆಳಗಿನ ಹಲಗೆ

ನಾನು ಹಾಕಿದ ಹಲಗೆ ಮುರಿದು ಒಬ್ಬ ಹಮಾಲನ ಕಾಲು ಮೊಣಕಾಲಿನತನಕ ಕೆಳಗೆ ಹೋಗಿದೆ ಎಂಬ ಸುದ್ದಿ ಕೇಳಿದಾಗ ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಸುದ್ದಿ ಕೊಟ್ಟವರು ಮಾನ್ವಿಯ ಅಕ್ಕಿ ಗಿರಣಿಯ ಸಾಹುಕಾರರು. ಫೋನಿನಲ್ಲಿ ನಮಸ್ಕಾರವಿಲ್ಲ, ಕ್ಷೇಮ ಸಮಾಚಾರವಿಲ್ಲ, ಒಂದೇ ಪ್ರಶ್ನೆ.

"ಏನ್ ಮೇಸ್ತ್ರಿ, ಡಬ್ಬಾಕ್ಕ ಹಲಗಿ ಹಾಕಿದ್ಯೋ, ಹಪ್ಪಳ ಹಾಕಿದ್ಯೋ?"

ರಾಯಚೂರಿನಲ್ಲಿ ಲಾರಿ, ಟ್ರೇಲರ್‌ಗಳಿಗೆ ಬಾಡಿ ಕಟ್ಟುವುದು ನನ್ನ ಕೆಲಸ. ಸಾಹುಕಾರರು ಡಬ್ಬಾ ಎಂದದ್ದು ಅವರ ಮುಚ್ಚಿದ ಟ್ರೇಲರನ್ನು. ನಾಲ್ಕೂ ಕಡೆ ಗೋಡೆ, ಮೇಲೆ ಛಾವಣಿ, ಹಿಂದೆ ಜೋಡಿ ಬಾಗಿಲು. ಟ್ರ್ಯಾಕ್ಟರಿಗೆ ಕಟ್ಟಿ ಮಾನ್ವಿಯಿಂದ ಸಿರವಾರ, ದೇವದುರ್ಗದ ಅಂಗಡಿಗಳಿಗೆ ಅಕ್ಕಿ ಮುಟ್ಟಿಸಲು ಮಾಡಿಸಿದ ಗಾಡಿ. ತಾಡಪತ್ರಿ ಹೊದಿಸಿ ಮಳೆಗೆ ಹೆದರುತ್ತ ಹೋಗುವ ರಗಳೆ ಬೇಡ ಎಂದು ನನ್ನ ಹತ್ತಿರ ಮಾಡಿಸಿಕೊಂಡಿದ್ದರು. ನೆಲಕ್ಕೆ ನಾನು ಮತ್ತಿ ಮರದ ಹಲಗೆ ಹಾಕಿದ್ದೆ. ಕಬ್ಬಿಣದ ನೆಲ ಹಾಕು ಎಂದವರಿಗೆ ಒಂದು ಮಾತು. ರಾಯಚೂರು ಸೀಮೆಯ ಬಿಸಿಲಿಗೆ ಮುಚ್ಚಿದ ಡಬ್ಬದೊಳಗೆ ಕಬ್ಬಿಣ ಹಂಚಿನ ಹಾಗೆ ಕಾಯುತ್ತದೆ, ನಸುಕಿನ ತಂಪಿಗೆ ಬೆವರುತ್ತದೆ. ಕೆಳಗಿನ ಸಾಲಿನ ಚೀಲಗಳೆಲ್ಲ ತೇವ ಹಿಡಿದು ಮುಗ್ಗಲು ವಾಸನೆ ಹೊಡೆಯುತ್ತವೆ. ಬರಿಗಾಲಿನಲ್ಲಿ ಒಳಗೆ ನಡೆಯುವ ಹಮಾಲನ ಪಾದವೂ ಸುಡುತ್ತದೆ. ಕಟ್ಟಿಗೆ ಹಾಗಲ್ಲ. ಹಲಗೆಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟರೆ ಕೆಳಗಿನ ಗಾಳಿ ಮೇಲೆ ಬರುತ್ತದೆ, ನೆಲ ಉಸಿರಾಡುತ್ತದೆ.

ಅಂಥ ನೆಲ ಮುರಿಯಿತೆಂದರೆ ನನಗೆ ಗೊತ್ತಿದ್ದ ಶತ್ರು ಒಬ್ಬನೇ, ಹಮಾಲನ ಕೈಯ ಕೊಕ್ಕೆ. ಚೀಲ ಎಳೆಯುವಾಗ ಹಲಗೆಗೆ ಚುಚ್ಚುತ್ತಾರೆ, ಸುಸ್ತಾದಾಗ ಕೊಕ್ಕೆಯನ್ನು ನೆಲಕ್ಕೇ ಬಡಿದು ನಿಲ್ಲಿಸುತ್ತಾರೆ, ಬಾಗಿಲಿಂದ ಇಳಿಯುವಾಗ ಅದನ್ನೇ ಊರಿ ಇಳಿಯುತ್ತಾರೆ. ಈ ಕಸುಬಿನಲ್ಲಿ ನಾನು ಹಮಾಲರಿಗೆ ಬೈದಷ್ಟು ನನ್ನ ಹೆಂಡತಿಗೂ ಬೈದಿಲ್ಲ. ಹಾಗಾಗಿ ಸಾಹುಕಾರರು ಮುಂದೆ ಹೇಳಿದ್ದು ನನಗೆ ಹಿತವಾಗಿಯೇ ಕೇಳಿಸಿತು.

"ಆ ಮಗ ಹೆಗಲ ಮ್ಯಾಲಿಂದ ಚೀಲ ಒಗದಾನ. ಹಲಗಿ ಮುರದದ, ಅವ್ನೂ ಬಿದ್ದಾನ. ಈಗ ಎಲ್ಲಾರೂ ಕೂಡಿ ಗಾಡಿದ ತಪ್ಪು ಅಂತಾರ. ಅವ್ನ ಕೈಗಿ ನಮ್ಮ ಮಾಲ ಮುಟ್ಟಗೊಡಬ್ಯಾಡ್ರಿ ಅಂತ ಅಂಗಡಿಯವ್ರಿಗಿ ಹೇಳೀನಿ. ನೀ ದೇವದುರ್ಗಕ್ಕ ಹೋಗಿ, ಕೊಕ್ಕಿಯಿಂದನ ಹಲಗಿ ಹೋಗ್ಯಾದ ಅಂತ ನಾಕು ಮಂದಿ ಮುಂದ ಹೇಳು."

ದೇವದುರ್ಗದ ಆ ಪೇಟೆಯಲ್ಲಿ ಇಳಿಯುವ ಅಕ್ಕಿಯ ಬಹುಪಾಲು ಈ ಗಿರಣಿಯದೇ. ಇವರ ಮಾಲು ಮುಟ್ಟಬಾರದು ಎಂದರೆ ಆ ಮನುಷ್ಯನಿಗೆ ಅಲ್ಲಿ ಕೆಲಸವೇ ಇಲ್ಲ ಎಂದು ಅರ್ಥ. ಅದು ನನಗೆ ಆಗಲೇ ತಿಳಿದಿತ್ತು. ತಿಳಿದೂ ಚೀಲಕ್ಕೆ ಸುತ್ತಿಗೆ, ಹಾರೆ, ಉಳಿ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನೇನು ಬೈಯಬೇಕು ಎಂದು ಜೋಡಿಸಿಕೊಳ್ಳುತ್ತ ಹೋದೆ.

ಟ್ರೇಲರು ಅಂಗಡಿಯ ಗೋದಾಮಿನ ಮುಂದೆ ಬಾಗಿಲು ತೆರೆದು ನಿಂತಿತ್ತು. ಅರ್ಧ ಮಾಲು ಇನ್ನೂ ಒಳಗೇ ಇತ್ತು. ಹಮಾಲರೆಲ್ಲ ಬೇವಿನ ಗಿಡದ ನೆರಳಿಗೆ ಕುಳಿತಿದ್ದರು. ಅವರ ಮುಕಾದಮ, ಅಂದರೆ ತಂಡದ ಹಿರಿಯ, ಬೀಡಿ ಹಚ್ಚಿ ನನ್ನ ಕಡೆ ನೋಡದೆ ಕುಳಿತಿದ್ದ. ಪಕ್ಕದಲ್ಲಿ ಚೀಲದ ಮೇಲೆ ಕಾಲು ಚಾಚಿ ಒಬ್ಬ ನಡುವಯಸ್ಸಿನವನು. ಕಾಲಿಗೆ ದಪ್ಪ ಕಟ್ಟು. ಇವನೇ ಎಂದು ಗೊತ್ತಾಯಿತು. ನಾನು ಕಟ್ಟಿನ ಕಡೆ ನೋಡಲಿಲ್ಲ.

"ಲೇ, ನೀನ ಏನ ಕಾಲ ಹಾಕಿದಾವ? ಚೀಲ ಹೆಗಲ ಮ್ಯಾಲಿಂದ ಒಗದಿ ಅಲ?"

"ಲೇ ಅನಬ್ಯಾಡ್ರಿ ಮೇಸ್ತ್ರಿ," ಎಂದ ಅವನು. ದನಿ ಏರಿಸಲಿಲ್ಲ. "ನಾ ಚೀಲ ಒಗದಿಲ್ಲ. ಹೊತ್ಕೊಂಡು ನಡದೀನಿ. ನೆಲ ಬಾಯಿ ತೆರೀತು."

"ಹೌದಪಾ. ಕುಣಿಯಲಾರದಾಕಿ ನೆಲ ಡೊಂಕು ಅಂದಳಂತ."

ಮುಕಾದಮ ಬೀಡಿ ಕೆಳಗಿಳಿಸಿದ. "ಒಳಗ ಹೋಗಿ ನೋಡ್ರಿ. ಇಲ್ಲಿ ನೆಲ ಡೊಂಕಲ್ಲ, ನೆಲಾನ ಇಲ್ಲ."

ಹಮಾಲರು ನಕ್ಕರು. ಆ ನಗು ನನಗೆ ಚುಚ್ಚಿತು. ಟ್ರೇಲರ್ ಹತ್ತಿದೆ. ಹತ್ತಿದವನು ಬಾಗಿಲಲ್ಲೇ ನಿಂತುಬಿಟ್ಟೆ. ನನ್ನ ಮತ್ತಿ ಹಲಗೆ ಎಲ್ಲೂ ಕಾಣುತ್ತಿರಲಿಲ್ಲ. ಬಾಗಿಲ ಹತ್ತಿರದ ಒಂದು ಗೇಣು ಬಿಟ್ಟರೆ ಇಡೀ ನೆಲಕ್ಕೆ ತಗಡು ಬಡಿದಿದ್ದರು. ಕಾಲು ಹೋದ ಜಾಗದಲ್ಲಿ ತಗಡು ಹರಿದು ಗರಗಸದ ಹಲ್ಲಿನ ಹಾಗೆ ಕೆಳಕ್ಕೆ ಬಾಗಿತ್ತು. ಅಂಚಿನಲ್ಲಿ ಒಣಗಿದ ರಕ್ತವಿತ್ತು.

ಅಲ್ಲಿಂದಲೇ ಸಾಹುಕಾರರಿಗೆ ಫೋನು ಮಾಡಿದೆ. "ನೆಲಕ್ಕ ತಗಡು ಯಾರ್ ಬಡದ್ರಿ?"

"ನಾನ ಬಡಿಸೀನಿ. ಹಮಾಲ್ರು ಕೊಕ್ಕಿ ಚುಚ್ಚಿ ಚುಚ್ಚಿ ಹಲಗಿ ಸಿಬರ ಎದ್ದಿತ್ತು, ಚೀಲ ಹರೀತಿದ್ವು. ನಿನ್ನ ಹಲಗಿ ಉಳೀಲಿ ಅಂತ ಬಡಿಸೀನಿ. ಅದಕ್ಕೂ ನಿನ್ನ ಅಪ್ಪಣಿ ಬೇಕೇನ?"

ಬೇಕಿತ್ತು ಎಂದೆ. ಅವರು ಫೋನು ಇಟ್ಟರು. ಸ್ವಲ್ಪ ಹೊತ್ತಿಗೆ ಅವರ ಡ್ರೈವರ್ ಬಂದು ಟ್ರ್ಯಾಕ್ಟರ್ ಏರಿದ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಗಾಡಿಯನ್ನು ಮಗುವಿನ ಹಾಗೆ ನೋಡಿಕೊಳ್ಳುವವನು ಎಂದು ಹೆಸರು ಮಾಡಿದ ಮನುಷ್ಯ. ಗಾಡಿಯನ್ನು ಮಾನ್ವಿಗೆ ತಂದು ಗಿರಣಿಯ ಕಂಪೌಂಡಿನೊಳಗೇ ಬಿಚ್ಚಬೇಕೆಂದು ಸಾಹುಕಾರರ ಅಪ್ಪಣೆ ಎಂದ. ಅಲ್ಲಿಗೆ ಒಯ್ದರೆ ಗೇಟು ಹಾಕಿಕೊಂಡು ಏನು ಬೇಕಾದರೂ ಹೇಳಬಹುದಿತ್ತು. ಹಮಾಲರೂ ನಾಳೆ ಏನು ಬೇಕಾದರೂ ಹೇಳಬಹುದಿತ್ತು. ನನಗೆ ಅದು ಬೇಡವಾಗಿತ್ತು. ಕೊಕ್ಕೆಯ ತೂತುಗಳನ್ನು ಇವರ ಮೂಗಿನ ಮುಂದೆ ಎಣಿಸಿ ತೋರಿಸಿ, ಆ ನಗುವನ್ನು ವಾಪಸು ನುಂಗಿಸಬೇಕು ಎಂಬ ಹಟ ಹತ್ತಿತ್ತು.

"ಕೀಲಿ ತಗಿ," ಎಂದೆ ಡ್ರೈವರಿಗೆ. "ಇಲ್ಲೇ ಬಿಚ್ಚೂದು. ಇವರ ಕಣ್ಣ ಮುಂದ."

ಒಳ್ಳೆಯ ಬುದ್ಧಿಯಿಂದ ಮಾಡಿದ ನಿರ್ಧಾರವಲ್ಲ ಅದು. ಬರೀ ಕೋಪದಿಂದ ಮಾಡಿದ್ದು.

ಮೊದಲು ಉಳಿದ ಮಾಲು ಇಳಿಯಬೇಕಿತ್ತು. ಹಮಾಲರು ಒಳಗೆ ಕಾಲಿಡುವುದಿಲ್ಲ ಎಂದರು. ಹಾಗಾದರೆ ಬಿಡ್ರಿ ಎಂದು ನಾನೂ ಡ್ರೈವರನೂ ಇಳಿಸಲು ನಿಂತೆವು. ಹಲಗೆಯ ಕೆಳಗೆ ಅಡ್ಡಡ್ಡ ಕಬ್ಬಿಣದ ಪಟ್ಟಿಗಳಿರುತ್ತವೆ, ಮೊಳೆಯ ಸಾಲು ನೋಡಿದರೆ ಅವು ಎಲ್ಲಿವೆ ಎಂದು ತಿಳಿಯುತ್ತದೆ. ಆ ಸಾಲಿನ ಮೇಲೇ ಹೆಜ್ಜೆ ಇಡುತ್ತ, ಅಗಸರ ಕತ್ತೆಗಳ ಹಾಗೆ ಒಂದರ ಹಿಂದೆ ಒಂದು ಚೀಲ ಹೊತ್ತೆವು. ಬೆನ್ನು ಹಿಡಿಯಿತು. ನಡುನಡುವೆ ಕಾಲ ಕೆಳಗೆ ತಗಡು ಮೆತ್ತಗೆ ತಗ್ಗುತ್ತಿತ್ತು. ಅಂಥ ಕಡೆಯೆಲ್ಲ ಕಾಲು ಹಿಂದೆಳೆದುಕೊಂಡೆ. ಕೆಳಗೆ ಹಮಾಲರು ಕುಳಿತು ನೋಡುತ್ತಿದ್ದರು. ಒಬ್ಬನೂ ಏಳಲಿಲ್ಲ. ನಾನು ಅವರ ಜಾಗದಲ್ಲಿದ್ದರೂ ಏಳುತ್ತಿರಲಿಲ್ಲ.

ಆಮೇಲೆ ಹಾರೆಯ ತುದಿ ಸಿಕ್ಕಿಸಿ ತಗಡಿನ ಮೂಲೆ ಎಬ್ಬಿಸಿದೆ. ಮೊಳೆಗಳು ಗಟ್ಟಿ ಹಲಗೆಯಿಂದ ಬರುವಾಗ ಕಿರ್ ಎನ್ನಬೇಕು. ಇವು ಸದ್ದಿಲ್ಲದೆ ಬೆಣ್ಣೆಯಿಂದ ಬಂದ ಹಾಗೆ ಬಂದವು. ಅಲ್ಲಿಗೇ ನನ್ನ ಮನಸ್ಸು ಅಳುಕಿತು. ತಗಡು ಮೇಲೆದ್ದ ಕೂಡಲೇ ವಾಸನೆ ಬಂತು. ಹುಳಿ ಹಿಟ್ಟು ಕೆಟ್ಟು ವಾರವಾದ ವಾಸನೆ. ಕೆಳಗೆ ನನ್ನ ಮತ್ತಿ ಹಲಗೆ ಕಪ್ಪಾಗಿ, ಅಲ್ಲಲ್ಲಿ ಬಿಳಿ ಬೂಜು ಹಿಡಿದು ಮಲಗಿತ್ತು. ಉಳಿ ಊರಿದರೆ ಹಿಡಿಯ ಭಾರಕ್ಕೇ ಒಳಗೆ ಹೋಯಿತು. ನೆನೆದ ಅವಲಕ್ಕಿಯ ಹಾಗೆ ಒಂದು ತುಂಡು ಕೈಗೆ ಬಂತು, ಹಿಂಡಿದರೆ ನೀರು.

ಸಂದುಗಳೆಲ್ಲ ತೌಡಿನಿಂದ ಗಿಡಿದು ಹೋಗಿದ್ದವು. ಗಿರಣಿಯ ಗಾಡಿ, ಚೀಲದಿಂದ ತೌಡಿನ ಪುಡಿ ಉದುರುವುದು ಸಹಜ. ಬರೀ ಹಲಗೆ ಇದ್ದಾಗ ಪೊರಕೆ ಆಡಿಸಿದರೆ ಹೋಗುತ್ತಿತ್ತು. ತಗಡು ಬಡಿದ ಮೇಲೆ ಅದು ಅಂಚಿನಿಂದ ಒಳಗೆ ಸೇರಿದೆ, ಪೊರಕೆಗೆ ಸಿಕ್ಕಿಲ್ಲ. ಕೆಳಗಿನಿಂದ ಚಕ್ರ ಎರಚಿದ ಕಾಲುವೆ ರಸ್ತೆಯ ಕೆಸರು ಅದೇ ಸಂದುಗಳಿಗೆ ಮೆತ್ತಿದೆ. ಮೇಲೆ ತೌಡು, ಕೆಳಗೆ ಕೆಸರು, ನಡುವೆ ನೀರು. ನೀರಿಗೆ ಇಳಿಯಲು ದಾರಿಯಿಲ್ಲ, ಆರಲು ಗಾಳಿಯಿಲ್ಲ.

ಆದರೆ ನೀರು ಬಂದದ್ದು ಎಲ್ಲಿಂದ? ಛಾವಣಿ ಸೋರಿರಲಿಲ್ಲ, ನಾನೇ ಹತ್ತಿ ನೋಡಿದೆ. ಕೆಳಗಿನ ಕೆಸರು ಇಷ್ಟು ನೆನೆಸಲಾರದು. ಡ್ರೈವರನ ಮುಖ ನೋಡಿದೆ. ಅವನು ಬಹಳ ಅಭಿಮಾನದಿಂದ ಹೇಳಿದ.

"ನಾ ಅಮಾಸಿ ಅಮಾಸಿಗಿ ಒಳಗ ಹೊರಗ ತೊಳಿತೀನ್ರಿ. ಪೈಪ ಹಚ್ಚಿ, ಧಾರಾಳ ನೀರ ಬಿಟ್ಟು. ತಗಡ ಹಾಕಿದ ಮ್ಯಾಲ ತೊಳಿಲಿಕ್ಕ ಭಾಳ ಛಲೋ ಆಗಿತ್ರಿ, ಕನ್ನಡಿ ಆಗ್ತಿತ್ತು. ತೊಳದು, ಕಾಯಿ ಒಡದು, ಲಿಂಬಿಹಣ್ಣು ಕಟ್ಟಿ ಬಾಗಲ ಹಾಕ್ತೀನಿ. ಅಮಾಸಿ ದಿನ ಗಾಡಿ ಹೊರಗ ತಗಿಯಂಗಿಲ್ಲ. ಮರುದಿನ ಪೂಜಿ ಕಳದ ಮ್ಯಾಲನ ಬಾಗಲ ತೆರಿಯೂದು."

ನಮ್ಮ ಸೀಮೆಯಲ್ಲಿ ಗಾಡಿ ಇರುವವರು ಯಾರೂ ಅಮಾವಾಸ್ಯೆ ಪೂಜೆ ತಪ್ಪಿಸುವುದಿಲ್ಲ. ನನ್ನ ಸ್ಕೂಟರಿಗೂ ಮಾಡುತ್ತೇನೆ. ತೆರೆದ ಲಾರಿಯನ್ನು ಎಷ್ಟು ತೊಳೆದರೂ ಬಿಸಿಲು ಕುಡಿದುಬಿಡುತ್ತದೆ. ಇಲ್ಲಿ ಮೊಳೆಯ ತೂತುಗಳಿಂದ ನೀರು ತಗಡಿನ ಕೆಳಗೆ ಹೋಗಿದೆ, ಅದರ ಮೇಲೆ ಭಕ್ತಿಯಿಂದ ಬಾಗಿಲು ಹಾಕಿ ಬೀಗ ಜಡಿದಿದ್ದಾರೆ. ಮುಚ್ಚಿದ ಡಬ್ಬ, ಒಳಗೆ ನೀರು, ಹೊರಗೆ ಬಿಸಿಲು. ಇಡ್ಲಿ ಬೇಯಿಸುವುದೂ ಹೀಗೆಯೇ.

ಮುಕಾದಮ ಈಗ ಎದ್ದು ಬಂದ. ತಗಡು ಮುಟ್ಟದೆ ಬಿಟ್ಟಿದ್ದ ಬಾಗಿಲ ಹತ್ತಿರದ ಒಂದು ಗೇಣಿನ ಕಡೆ ಬೆರಳು ತೋರಿಸಿದ. ಹಮಾಲರು ಹೆಚ್ಚು ಓಡಾಡುವ ಜಾಗ ಅದು. ಈ ತುದಿಯಿಂದ ಆ ತುದಿಯತನಕ ಕೊಕ್ಕೆಯ ಗಾಯ. ನಾನು ಎಣಿಸಿ ತೋರಿಸಬೇಕೆಂದಿದ್ದ ತೂತುಗಳು ಅಲ್ಲೇ ಇದ್ದವು.

"ಅದನ್ನ ಬಡೀರಿ," ಎಂದ.

ಸುತ್ತಿಗೆಯಿಂದ ಬಡಿದೆ. ಠಣ್ ಎಂದಿತು. ಹಲಗೆ ಕಲ್ಲಿನಂತಿತ್ತು. ಕೊಕ್ಕೆ ತಿಂದ ಹಲಗೆ ಗಟ್ಟಿ, ತಗಡು ಕಾಪಾಡಿದ ಹಲಗೆ ಗೊಬ್ಬರ. ಹೊರಗೆ ಥಳಕು ಒಳಗೆ ಹುಳುಕು ಎನ್ನುವುದನ್ನು ಬಾಯಲ್ಲಿ ಎಷ್ಟೋ ಸಲ ಅಂದಿದ್ದೆ, ಕೈಯಲ್ಲಿ ಹಿಡಿದದ್ದು ಅವತ್ತೇ.

"ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕಿದ್ರಂತ," ಎಂದ ಮುಕಾದಮ, ನನಗಲ್ಲ, ಗಿಡದ ಕೆಳಗಿನವರಿಗೆ. ಕಾಲು ಚಾಚಿ ಕುಳಿತವನು ನನ್ನನ್ನೇ ನೋಡುತ್ತಿದ್ದ. ಇವನ ತಪ್ಪಲ್ಲ ಎಂದು ನಾನು ಆಗಲೇ ಹೇಳಬೇಕಿತ್ತು. ಸಾಮಾನು ಚೀಲಕ್ಕೆ ತುಂಬಿಕೊಂಡು, ಗಾಡಿ ರಾಯಚೂರಿಗೆ ಒಯ್ಯುತ್ತೇನೆ ಎಂದು ಡ್ರೈವರನಿಗೆ ಹೇಳಿ ಹೊರಟೆ.

ಸಾಹುಕಾರರು ಮರುದಿನವೇ ನನ್ನ ಶೆಡ್ಡಿಗೆ ಬಂದರು. ಕುರ್ಚಿ ಕೊಟ್ಟರೆ ಕೂಡಲಿಲ್ಲ. ಕೊಳೆತ ಹಲಗೆಗಳನ್ನು ಕಾಲಿಂದ ಸರಿಸಿ ನೋಡಿದರು. ದಡ್ಡ ಮನುಷ್ಯರಲ್ಲ ಅವರು, ನೋಡಿದ ಕೂಡಲೇ ಅರ್ಥವಾಯಿತು. ಅರ್ಥವಾದದ್ದಕ್ಕೇ ಸಿಟ್ಟು ಜಾಸ್ತಿಯಾಯಿತು.

"ಆಗಿದ್ದಾತು. ತಗಡಿನ ಸುದ್ದಿ ಎಲ್ಲೂ ತಗೀಬ್ಯಾಡ. ಹೊಸಾ ಹಲಗಿ ಹಾಕು, ಮ್ಯಾಲ ದಪ್ಪನ್ನ ತಗಡು ಬಡಿ. ಈ ಸಲ ಅಂಚಿಗಿ ವೆಲ್ಡಿಂಗ್ ಹೊಡಿ, ನೀರ ಹನಿ ಹೋಗಬಾರ್ದು."

"ಹೋಗೂ ನೀರ ತಡೀಬಹುದ್ರಿ. ಕಟ್ಟಗಿ ಒಳಗಿನ ತ್ಯಾವ ಎಲ್ಲಿ ಹೋಗಬೇಕು? ತಗಡು ಬಡಿಯೂದಿದ್ರ ಬ್ಯಾರೆ ಮೇಸ್ತ್ರಿನ ನೋಡ್ಕೋರಿ."

"ರಾಯಚೂರಾಗ ನೀ ಒಬ್ನ ಏನ?"

"ಭಾಳ ಮಂದಿ ಅದಾರ. ಅವರ ಹಾಕಿದ ಹಲಗಿ ಮ್ಯಾಲೂ ಮನಷ್ಯಾರ ನಡಿಯೂದು."

ಹೀಗೆ ಇಬ್ಬರೂ ದನಿ ಏರಿಸಿ ಪಕ್ಕದ ಶೆಡ್ಡಿನವರೆಲ್ಲ ಕೆಲಸ ನಿಲ್ಲಿಸಿ ನೋಡುವ ಹಾಗಾಯಿತು. ಕಡೆಗೆ ಸಾಹುಕಾರರು ನನ್ನ ಮುಖಕ್ಕೆ ಬೆರಳು ತೋರಿಸಿ, ನಿನ್ನ ಮನಸ್ಸಿಗೆ ಬಂದಂಗ ಮಾಡು, ಮತ್ತೊಮ್ಮೆ ಮುರೀಲಿ ನೋಡ್ಕೋತೀನಿ ಎಂದು ಹೋದರು. ಆ ಹಮಾಲನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕೆಲಸ ಶುರು ಮಾಡಿದೆ. ಕೆಳಗಿನ ಕಬ್ಬಿಣದ ಪಟ್ಟಿಗಳ ತುಕ್ಕು ಉಜ್ಜಿ ಬಣ್ಣ ಹೊಡೆದೆ. ಹೊಸ ಮತ್ತಿ ಹಲಗೆಗಳನ್ನು ನೆರಳಲ್ಲಿ ಆರಿಸಿ, ಕೂಡಿಸುವ ಮೊದಲೇ ನಾಲ್ಕೂ ಮಗ್ಗುಲಿಗೆ, ಮುಖ್ಯವಾಗಿ ಕೊಯ್ದ ತುದಿಗಳಿಗೆ, ಕಾಯಿಸಿದ ಅಗಸೆ ಎಣ್ಣೆ ಕುಡಿಸಿದೆ. ಹಲಗೆ ನೀರು ಕುಡಿಯುವುದು ತುದಿಯಿಂದ. ಅಲ್ಲಿ ಎಣ್ಣೆ ಹೊಟ್ಟೆ ತುಂಬ ಕುಡಿದಿದ್ದರೆ ನೀರಿಗೆ ಜಾಗವಿರುವುದಿಲ್ಲ. ತೆರೆದ ಲಾರಿಗಳಿಗೆ ನಾವೆಲ್ಲ ಇಂಜಿನ್ನಿನ ಸುಟ್ಟ ಎಣ್ಣೆ ಬಳಿಯುತ್ತೇವೆ, ಗೆದ್ದಲು ಹತ್ತಿರ ಬರುವುದಿಲ್ಲ. ಮುಚ್ಚಿದ ಡಬ್ಬಕ್ಕೆ ಅದನ್ನು ಬಳಿದರೆ ಸೋನಾ ಮಸೂರಿ ಅನ್ನ ಡೀಸೆಲ್ ವಾಸನೆ ಹೊಡೆಯುತ್ತದೆ. ಅಗಸೆ ಎಣ್ಣೆ ಬೇಕು ಎಂದರೆ ಸಾಹುಕಾರರು ಗಾಣದಿಂದ ಕಾಯಿಸದ, ಅಡುಗೆಯ ಎಣ್ಣೆ ಕಳಿಸಿಕೊಟ್ಟರು. ಅದು ಆರುವುದಿಲ್ಲ, ಅಂಟುತ್ತದೆ, ಇಲಿಗಳಿಗೆ ಹಬ್ಬ. ಚಟ್ನಿಪುಡಿಗೆ ಹಾಕ್ಕೊಳ್ರಿ ಎಂದು ಡಬ್ಬಿಯನ್ನು ಹಾಗೇ ವಾಪಸು ಕಳಿಸಿದೆ.

ಹಲಗೆ ಕೂಡಿಸಿದ ಮೇಲೆ ಕೊಕ್ಕೆಯ ಪ್ರಶ್ನೆ. ತಗಡಿಲ್ಲದಿದ್ದರೆ ಸಿಬಿರು ಏಳುವುದು ಖರೆ, ಸಾಹುಕಾರರ ದೂರು ಸುಳ್ಳಲ್ಲ. ಅದಕ್ಕೆ ಹಲಗೆಯ ಮೇಲೆ ಉದ್ದುದ್ದ ಪಟ್ಟಿ ಬಡಿದೆ. ಚೀಲಗಳು ಪಟ್ಟಿಯ ಮೇಲೆ ಕೂರುತ್ತವೆ, ಕೆಳಗೆ ಗಾಳಿ ಆಡುತ್ತದೆ, ಸವೆದರೆ ಪಟ್ಟಿ ಸವೆಯಲಿ, ನೆಲ ಉಳಿಯುತ್ತದೆ. ನೋಡಲು ಚೆಂದವಾಗಿತ್ತು. ನಾನೇ ನಾಲ್ಕು ಸಲ ಹತ್ತಿ ನೋಡಿಕೊಂಡೆ.

ಅಷ್ಟರಲ್ಲಿ ದೇವದುರ್ಗದಿಂದ ಬಸ್ಸಿಗೆ ಮುಕಾದಮ ಬಂದಿಳಿದ. ಯಾರೂ ಕರೆದಿರಲಿಲ್ಲ.

"ಕಾಲ ಇಡಾವ್ರು ನಾವು. ನೋಡಿ ಬಾ ಅಂತ ಮಂದಿ ಕಳಿಸ್ಯಾರ," ಎಂದು ಚಪ್ಪಲಿ ಕಳಚಿ ಒಳಗೆ ಹೋದ. ಮೂಲೆಯಲ್ಲಿದ್ದ ಮರದ ದಿಮ್ಮಿ ಹೆಗಲಿಗೇರಿಸಿಕೊಂಡು, ಚೀಲ ಹೊತ್ತವರ ಹಾಗೆ ತಲೆ ಬಗ್ಗಿಸಿ ಸರಸರ ನಡೆದ. ಮೂರನೇ ಹೆಜ್ಜೆಗೆ ಪಟ್ಟಿ ಎಡವಿ ಮುಗ್ಗರಿಸಿದ. ಹೆಬ್ಬೆರಳು ಕೆಂಪಾಯಿತು.

"ಮದಲಿಂದು ಕಾಲ ನುಂಗ್ತು. ಇದು ಬಾಯಾಗಿನ ಹಲ್ಲ ತಗೀತದ. ಚೀಲ ಹೊತ್ತಾಗ ನಮಗ ಕಾಲ ಕೆಳಗಿಂದು ಕಾಣ್ತದೇನ್ರಿ?"

"ನೋಡ್ಕೊಂಡು ನಡೀಬೇಕಪಾ."

"ನೀವು ಒಮ್ಮಿ ಹೊತ್ತು ನೋಡ್ರಿ."

ಹೊತ್ತೆ. ದೇವದುರ್ಗದಲ್ಲಿ ಮೊಳೆಯ ಸಾಲು ನೋಡಿಕೊಂಡು ನಿಧಾನ ನಡೆದಿದ್ದೆ. ಈಗ ಅವನಷ್ಟೇ ವೇಗದಲ್ಲಿ ನಡೆಯಬೇಕೆಂದು ಬಾಗಿಲಲ್ಲಿ ನಿಂತು ಹುರಿದುಂಬಿಸಿದ. ನಾನೂ ಎಡವಿದೆ. ಅವನು ನಗಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. ಅವನು ಹೋದ ಮೇಲೆ ಬಡಿದ ಪಟ್ಟಿಗಳನ್ನೆಲ್ಲ ಬೈಯುತ್ತ ಕಿತ್ತೆ. ಅವನಿಗೂ ಬೈದೆ, ನನಗೂ ಬೈದುಕೊಂಡೆ.

ಎರಡನೇ ಸಲ ಬೇರೆ ದಾರಿ ಹಿಡಿದೆ. ತೆಳು ಹಲಗೆಗಳನ್ನು ಒತ್ತೊತ್ತಾಗಿ, ಕಾಲ್ಬೆರಳು ಸಿಗದಷ್ಟು ಸಣ್ಣ ಸಂದು ಬಿಟ್ಟು, ಮಂಚದ ಹಾಗೆ ಚೌಕಟ್ಟುಗಳಾಗಿ ಕೂಡಿಸಿ ನೆಲದ ಮೇಲೆ ಹಾಸಿದೆ. ಮೇಲ್ಭಾಗ ಸಮ, ಎಡವುವುದಿಲ್ಲ. ಚೌಕಟ್ಟಿನ ಅಡಿಯಲ್ಲಿ ಗಾಳಿ. ಕೊಕ್ಕೆ ಏನು ತಿಂದರೂ ಮೇಲಿನ ತೆಳು ಹಲಗೆಯನ್ನೇ ತಿನ್ನಲಿ. ಮೂಲೆಯ ಸ್ಕ್ರೂ ಬಿಚ್ಚಿದರೆ ಒಂದೊಂದನ್ನೇ ಎತ್ತಿ, ಕೆಳಗಿನ ತೌಡು ಗುಡಿಸಿ ಮತ್ತೆ ಇಡಬಹುದು.

ಉಳಿದದ್ದು ನೀರು. ಡ್ರೈವರನನ್ನು ಕರೆಸಿ, ಇನ್ನು ಮುಂದೆ ಒಳಗೆ ಒಂದು ಹನಿ ನೀರು ಬೀಳಬಾರದು ಎಂದೆ. ಅವನು ಕಿವಿ ಮುಚ್ಚಿಕೊಂಡ.

"ಒಳಗ ನೀರ ಬೀಳಲಾರದ ಗಾಡಿ ಮಡಿ ಆಗೂದ ಹ್ಯಾಂಗ್ರಿ? ಪೂಜಿ ಇಲ್ಲದ ಗಾಡಿ ನಾ ನಡಸಂಗಿಲ್ಲ. ಬೇಕಾದ್ರ ಸಾವ್ಕಾರ್ರಿಗಿ ಹೇಳ್ಕೋರಿ."

ಹೇಳಿದರೆ ಸಾಹುಕಾರರೂ ಅದನ್ನೇ ಅಂದರು. ನೀ ಕಲಿತಾವ ಆಗಿ ದೇವರ ಮ್ಯಾಲ ಬರ್ಬ್ಯಾಡ ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ತೇವ, ಗಾಳಿ, ಬೂಜು ಎಂದು ಹೇಳುತ್ತ ಹೋದೆ. ಅವರಿಗೆ ಬೂಜು ಬೇಡ, ಪೂಜೆ ಬೇಕು. ಸಿಟ್ಟಿನಲ್ಲಿ ಮನೆಗೆ ಹೋದಾಗ ಹೆಂಡತಿ ಬಾಗಿಲು ತೊಳೆಯುತ್ತಿದ್ದಳು. ಹೊಸ್ತಿಲಿಗೆ ನೀರು ಹೊಯ್ದು ಅರಿಶಿನ ಹಚ್ಚುತ್ತಿದ್ದಳು. ಆ ನೀರು ಹೊರಗೆ ಹರಿಯುತ್ತಿತ್ತು, ಒಳಗೆ ಒಂದು ಹನಿಯೂ ಬರುತ್ತಿರಲಿಲ್ಲ. ದಿನವೂ ದಾಟುವ ಹೊಸ್ತಿಲು ಅದು. ನನ್ನ ತಲೆಗೆ ಅಲ್ಲಿಯತನಕ ಹೊಳೆದಿರಲಿಲ್ಲ.

ಟ್ರೇಲರಿಗೊಂದು ಹೊಸ್ತಿಲು ಮಾಡಿದೆ. ಬಾಗಿಲ ಅಗಲಕ್ಕೆ ದಪ್ಪ ಕಬ್ಬಿಣದ ತಟ್ಟೆ, ಹೊರಕ್ಕೆ ಇಳಿಜಾರು, ಒಳಮಗ್ಗುಲಿಗೆ ನೀರು ದಾಟದಂತೆ, ಕಾಲು ಎಡವದಂತೆ, ಚೌಕಟ್ಟಿನ ಮಟ್ಟಕ್ಕೇ ನಿಲ್ಲುವ ಸಣ್ಣ ಏರು. ತುಂಬಿದ ಚೀಲ ಎಳೆಯುವ ಜಾಗವೂ ಅದೇ ಆದ್ದರಿಂದ ಕಬ್ಬಿಣ ಅಲ್ಲಿಗೆ ತಕ್ಕದ್ದು. "ನೋಡಪಾ, ಮನಿ ಮಡಿ ಆಗೂದು ಹೊಸ್ತಿಲದಿಂದ. ನಿಮ್ಮವ್ವ ಅಡಗಿಮನಿಗಿ ಪೈಪ ಬಿಟ್ಟು ಅಕ್ಕಿ ಡಬ್ಬಿ ತೊಳಿತಾಳೇನ? ಇಲ್ಲಿ ನೀರ ಹಾಕು, ಇಲ್ಲೇ ಕಾಯಿ ಒಡಿ, ಇಲ್ಲೇ ವಿಭೂತಿ ಹಚ್ಚು. ಒಳಗ ಪೊರಕಿ ಸಾಕು. ಪೂಜಿ ಆದ ಮ್ಯಾಲ ಬಾಗಲ ತೆರದ ಇಡು," ಎಂದೆ.

ಡ್ರೈವರ್ ತಟ್ಟೆಯ ಮೇಲೆ ಚೊಂಬು ನೀರು ಸುರಿದು ನೋಡಿದ. ಹೊರಗೆ ಹರಿಯಿತು. ಇನ್ನೊಂದು ಚೊಂಬು ಸುರಿದ. ಸರಿ ಎನ್ನಲಿಲ್ಲ, ಆದರೆ ಹೊಸ್ತಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡ. ನನಗೆ ಅಷ್ಟು ಸಾಕಿತ್ತು.

ಮಾನ್ವಿಯಲ್ಲಿ ಮಾಲು ತುಂಬಿ ಟ್ರೇಲರು ದೇವದುರ್ಗಕ್ಕೆ ಹೊರಟಿತು. ನಾನು ಹಿಂದೆ ಬಸ್ಸಿನಲ್ಲಿ ಹೋದೆ. ಸಾಹುಕಾರರು ತಮ್ಮ ಕಾರಿನಲ್ಲಿ ಬಂದರು, ಈ ಸಲವೂ ಹಮಾಲರು ಒಲ್ಲೆ ಎಂದರೆ ತಂಡವನ್ನೇ ಬದಲಿಸಿಬಿಡುತ್ತೇನೆ ಎನ್ನುತ್ತ. ಗೋದಾಮಿನ ಮುಂದೆ ಅದೇ ಬೇವಿನ ಗಿಡ, ಅದೇ ಮಂದಿ. ಬಿದ್ದವನೂ ಇದ್ದ, ಕೋಲು ಪಕ್ಕಕ್ಕಿಟ್ಟುಕೊಂಡು. ಕೆಲಸವಿಲ್ಲದಿದ್ದರೂ ದಿನಾ ಬಂದು ಕೂಡುತ್ತಾನೆ ಎಂದು ಅಂಗಡಿಯವರು ಹೇಳಿದರು.

ಬಾಗಿಲು ತೆರೆದೆ. ಯಾರೂ ಏಳಲಿಲ್ಲ.

"ಮದಲು ಸಾವ್ಕಾರ್ರು ನಡೀಲಿ," ಎಂದ ಮುಕಾದಮ.

ಸಾಹುಕಾರರ ಮುಖ ಕೆಂಪೇರಿತು. ಚಪ್ಪಲಿ ಬಿಟ್ಟು, ಡ್ರೈವರನ ಹೆಗಲು ಹಿಡಿದು ಮೇಲೆ ಹತ್ತಿದರು. ಭಾರಿ ಮೈಯವರು. ಚೀಲಗಳ ಸಾಲಿನ ಮುಂದೆ ಉಳಿದಿದ್ದ ಜಾಗದಲ್ಲಿ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ನಡೆದರು, ಹಿಮ್ಮಡಿಯಿಂದ ಕುಟ್ಟಿದರು. ಹಲಗೆ ಮಿಸುಕಲಿಲ್ಲ.

"ಆತಿಲ್ಲ? ಇನ್ನ ಏಳ್ರಿ."

ಏಳಲಿಲ್ಲ. ಬಿದ್ದವನು ಮಾತಾಡಿದ. ಅದೇ ಏರದ ದನಿ.

"ನೆಲ ಛಲೋ ಆಗ್ಯಾದ್ರಿ. ನೆಲಕ್ಕ ಎಣ್ಣಿ ಹಚ್ಚೀರಿ, ಕೆಳಗ ಗಾಳಿ ಆಡ್ಸೀರಿ, ಹೊಸ್ತಿಲ ಇಟ್ಟೀರಿ. ನೆಲದ ಸಲುವಾಗಿ ಮಾನ್ವಿಲಿಂದ ರಾಯಚೂರಿಗಿ, ರಾಯಚೂರಿಲಿಂದ ಇಲ್ಲಿಗಿ ಓಡ್ಯಾಡೀರಿ. ನನ್ನ ಕಾಲ ಹ್ಯಾಂಗದ ಅಂತ ನಿಮ್ಮೊಳಗ ಒಬ್ರೂ ಕೇಳಿಲ್ಲ."

ಸಾಹುಕಾರರು ಮೇಲೆಯೇ ನಿಂತು ಕೇಳಿದರು, "ಈಗೇನಾಗ್ಬೇಕು ಹೇಳು."

"ನಾ ಚೀಲ ಒಗದಿಲ್ಲ ಅಂತ ಹೇಳ್ರಿ. ಎಲ್ಲಾರ ಮುಂದ ಒಗದಾನ ಅಂದ್ರಿ, ಎಲ್ಲಾರ ಮುಂದ ಹೇಳ್ರಿ."

ಸಾಹುಕಾರರು ನನ್ನ ಕಡೆ ನೋಡಿದರು. ನಾನು ಏನಾದರೂ ಅಡ್ಡ ಹೇಳಿಯೇನು ಎಂದು ಕಾದರು. ನಾನು ಹೇಳಲಿಲ್ಲ. ಕಡೆಗೆ ಗಂಟಲಲ್ಲೇ ಏನೋ ಗೊಣಗಿದರು.

"ಕೇಳಲಿಲ್ರಿ," ಎಂದ ಮುಕಾದಮ.

"ಅವ ಚೀಲ ಒಗದಿಲ್ಲ ಅಂದೆ!" ಸಾಹುಕಾರರ ದನಿ ಗೋದಾಮಿನೊಳಗಿಂದ ಮಂದಿ ಹೊರಬರುವಷ್ಟು ಜೋರಾಗಿತ್ತು. "ನಾ ಬಡಿಸಿದ ತಗಡಿನಿಂದ ಹಲಗಿ ಕೊಳೀತು. ಅವ್ನ ಕೆಲಸ ಅವ್ನಿಗಿ ಅದ. ಕಾಲ ನೆಟ್ಟಗ ಆಗೂತನ ಕುಂತು ಲೆಕ್ಕ ಹಿಡೀಲಿ. ಸಾಕೇನ?"

ಹಮಾಲರು ಎದ್ದರು. ಕೊಕ್ಕೆಗಳನ್ನು ಸೊಂಟದಿಂದ ತೆಗೆದರು. ಬಿದ್ದವನು ಮಾತ್ರ ಅವರ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದ.

"ಮೇಸ್ತ್ರಿ, ನೀವು?"

ನಾಚಿಕೆಯಾಯಿತು, ಅದರ ಜೊತೆಗೇ ನನ್ನ ಮೇಲೆ ಸಿಟ್ಟೂ ಬಂತು. ತಗಡು ಬಿಚ್ಚಿದ ದಿನವೇ ಹೇಳಿದ್ದರೆ ಇವನು ಇಷ್ಟು ದಿನ ಈ ಗಿಡದ ಕೆಳಗೆ ಕೋಲು ಹಿಡಿದು ಕೂಡುವುದು ತಪ್ಪುತ್ತಿತ್ತು.

"ನೀ ಒಗದಿಲ್ಲಪಾ. ನನಗ ಅವತ್ತ ಗೊತ್ತಾಗಿತ್ತು," ಎಂದೆ. ಜೋರಾಗಿಯೇ ಎಂದೆ.

ಅವನು ತಲೆ ಆಡಿಸಿದ. ಹಿಂದೆ ಹಮಾಲರು ಬರಿಗಾಲಲ್ಲಿ ನನ್ನ ಹಲಗೆಯ ಮೇಲೆ ಓಡಾಡುವ ಸದ್ದು ಶುರುವಾಯಿತು. ನಾನು ತಿರುಗಿ ನೋಡಲಿಲ್ಲ. ಅವನ ಎದುರು ಕುಕ್ಕರುಗಾಲಲ್ಲಿ ಕುಳಿತು ಆ ಕಾಲನ್ನು ಮೊದಲ ಸಲ ನೋಡಿದೆ. ತಗಡಿನ ಅಂಚು ಎಳೆದ ಗಾಯ ಮೊಣಕಾಲಿನಿಂದ ಪಾದದ ಗಂಟಿನತನಕ ಇಳಿದಿತ್ತು, ಹೊಲಿಗೆ ಹಾಕಿದ ಕಡೆ ಚರ್ಮ ಇನ್ನೂ ಕೆಂಪಗಿತ್ತು.

"ನೋವದ ಏನಪಾ?" ಎಂದೆ.

"ಅದರಿ," ಎಂದ ಅವನು. "ಭಾಳ ಅದ."